ವೈದ್ಯದ ಓಲೆಗಳ ಮೂಲಿಕಾನಾಮಗಳು ಮತ್ತು ಚಿತ್ರದುರ್ಗ ಸೀಮೆಯ ರೂಢಿ

ಕನ್ನಡ ನಾಡಿನ ಜೈನ ಗ್ರಂಥಭಂಡಾರಗಳಲ್ಲಿ ಸಿದ್ಧಾಂತ, ಪುರಾಣ, ಕಾವ್ಯಗಳ ಓಲೆಗಳೊಡನೆ ವೈದ್ಯದ ಓಲೆಗಳೂ ಉಂಟು. ಅವುಗಳಲ್ಲಿ ಕೆಲವು ಪೂರ್ಣಗ್ರಂಥಗಳು. ಹಲವು ಬಿಡಿ ಯೋಗಗಳ ಸಂಗ್ರಹಗಳು. ಕಾವ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಓದುಗನನ್ನು ಎಚ್ಚರಿಸುತ್ತದೆ. ಸಿದ್ಧಾಂತದಲ್ಲಿ ಪಾಠ ಕೆಟ್ಟರೆ ಸಮಾನಗ್ರಂಥಗಳು ಅದನ್ನು ತಿದ್ದುತ್ತವೆ. ಗದ್ಯದಲ್ಲಿ ಬರೆದ ಒಂದು ಔಷಧಯೋಗದಲ್ಲಿ ಮೂಲಿಕೆಯ ಹೆಸರು ಕೆಟ್ಟರೆ ಎಚ್ಚರಿಸುವುದು ಯಾವುದೂ ಇಲ್ಲ. ಅದರ ಫಲವನ್ನು ಅನುಭವಿಸುವವನು ರೋಗಿ. ಆದುದರಿಂದ ಇಂಥ ಓಲೆಗಳ ಸಂಪಾದನೆ ಕೇವಲ ಭಾಷಾಶಾಸ್ತ್ರದ ವಿಷಯವಲ್ಲ, ಅಹಿಂಸಾಧರ್ಮಕ್ಕೆ ಸಂಬಂಧಿಸಿದ ಹೊಣೆಯೂ ಆಗಿದೆ.

ಜೈನ ವೈದ್ಯಪರಂಪರೆ ದೀರ್ಘವಾದುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಅದರ ಕೊನೆಯ ಹಿತಾಹಿತಾಧ್ಯಾಯದಲ್ಲಿ ಮಾಂಸವನ್ನು ಔಷಧವಾಗಿ ಬಳಸುವುದನ್ನು ಖಂಡಿಸಿದರು. ತಮಗಿಂತ ಹಿಂದಿನ ವೈದ್ಯಾಚಾರ್ಯರ ಸಾಲಿನಲ್ಲಿ ಅವರು ಶಾಲಾಕ್ಯತಂತ್ರಕ್ಕೆ ಪೂಜ್ಯಪಾದರನ್ನೂ ಅಷ್ಟಾಂಗಗಳ ವಿಸ್ತಾರಕ್ಕೆ ಸಮಂತಭದ್ರರನ್ನೂ ಹೆಸರಿಸುತ್ತಾರೆ. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಕನ್ನಡದಲ್ಲಿ ಸು. 1125ರ ಕೀರ್ತಿವರ್ಮನ ‘ಗೋವೈದ್ಯ’, ಸು. 1150ರ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಸು. 1360ರ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಪ್ರಸಿದ್ಧವಾಗಿವೆ. ಸೋಮನಾಥನದು ಪೂಜ್ಯಪಾದರ ಗ್ರಂಥದ ಕನ್ನಡ ರೂಪ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆ ಅದರ ವೈಶಿಷ್ಟ್ಯ. ಮಂಗರಾಜನದು ವಿಷವೈದ್ಯ. ಅಮೃತನಂದಿಯ ವೈದ್ಯನಿಘಂಟು ಸಂಸ್ಕೃತದ ಮೂಲಿಕಾನಾಮಗಳಿಗೆ ಕನ್ನಡದ ಅರ್ಥಗಳನ್ನು ಕೊಡುತ್ತದೆ.

ಆದರೆ ನಿಘಂಟು ಕೊಡುವುದು ಹೆಸರಿಗೆ ಪ್ರತಿಯಾಗಿ ಮತ್ತೊಂದು ಹೆಸರನ್ನು. ಹೆಸರಿನ ಹಿಂದಿರುವ ಗಿಡವನ್ನು ತೋರಿಸಿಕೊಡಬಲ್ಲದ್ದು ಒಂದು ಸೀಮೆಯ ಜೀವಂತ ರೂಢಿ ಮಾತ್ರ. ಹೆಸರು ಅನೇಕಾರ್ಥವಾದಾಗ ಅದರಲ್ಲಿ ಯಾವ ಅರ್ಥ ಗ್ರಂಥಕರ್ತನಿಗೆ ಇಷ್ಟವೆಂಬುದನ್ನು ನಿರ್ಣಯಿಸಲು ಶ್ರಾವಕಾಚಾರದ ಜ್ಞಾನವೂ ಬೇಕು. ಹೀಗೆ ನಿಘಂಟು, ಆಚಾರ, ರೂಢಿ ಎಂಬ ಮೂರು ಸಾಕ್ಷಿಗಳು ಕೂಡಿದಲ್ಲಿ ಮಾತ್ರ ವೈದ್ಯದ ಓಲೆಯ ಪಾಠ ನಿಲ್ಲುತ್ತದೆ. ಈ ಮಾತನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮದ್ದಿಗೂ ಅಡುಗೆಗೂ ಬಳಕೆಯಾಗುವ ಸಾಮಾನ್ಯ ಮೂಲಿಕೆಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಸೀಮೆಯ ಸ್ವರೂಪ

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೆಲದ ಗುಣದಲ್ಲಿ ಬೇರೆ ಬೇರೆ. ಚಿತ್ರದುರ್ಗದ ಸುತ್ತ ಬಂಡೆಗಲ್ಲಿನ ಬೆಟ್ಟಗಳು. ದಕ್ಷಿಣಕ್ಕೆ ಜೋಗಿಮಟ್ಟಿಯ ಕಾಡು. ಹಿರಿಯೂರು ವೇದಾವತಿಯ ಬಯಲು. ಕಪ್ಪುಮಣ್ಣಿನ ಹೊಲಗಳು, 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರದ ನೀರು ಹರಿಯುವ ತೋಟಗಳು. ಹೊಸದುರ್ಗದಲ್ಲಿ ತೆಂಗಿನ ತೋಟಗಳೂ ಸಾಮೆ ನವಣೆಗಳ ಹೊಲಗಳೂ ಉಂಟು. ಹೊಳಲ್ಕೆರೆಯ ಕಡೆ ಕೆರೆಗಳ ಅಂಚಿನಲ್ಲಿ ಅಡಕೆಯ ತೋಟಗಳಿವೆ. ಹೀಗಾಗಿ ಒಣನೆಲದ ತಂಗಡಿಯೂ ತಂಪುನೆಲದ ಒಂದೆಲಗವೂ ಒಂದು ದಿನದ ದಾರಿಯೊಳಗೇ ಸಿಕ್ಕುತ್ತವೆ.

ಜೈನಧರ್ಮಕ್ಕೆ ಈ ಸೀಮೆ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ 12ನೆಯ ಶತಮಾನದ ಹೊಯ್ಸಳ ಶೈಲಿಯ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಉಗ್ರಾದಿತ್ಯರು ತಮ್ಮ ಗ್ರಂಥವನ್ನು ರಚಿಸಿದುದು ರಾಮಗಿರಿಯಲ್ಲಿ. ಹೊಳಲ್ಕೆರೆ ತಾಲ್ಲೂಕಿನಲ್ಲಿಯೂ ಒಂದು ರಾಮಗಿರಿ ಇದೆ. ಆದರೆ ಗ್ರಂಥದಲ್ಲಿ ಹೇಳಿದ ರಾಮಗಿರಿ ವೆಂಗಿ-ತ್ರಿಕಲಿಂಗ ದೇಶದ್ದು. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಆಗದು. ಊರಿನ ಹೆಸರಿಗೆ ಸಲ್ಲುವ ಈ ನ್ಯಾಯ ಗಿಡದ ಹೆಸರಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಗಿಡವೋ ಬಳ್ಳಿಯೋ

ಸಂಸ್ಕೃತದ ‘ವಾಸಾ’ ಅಥವಾ ‘ವಾಸಕ’ ಕನ್ನಡದಲ್ಲಿ ಆಡುಸೋಗೆ. ಹೊಲದ ಬೇಲಿಗಳಲ್ಲಿ ಬೆಳೆಯುವ ಬಿಳಿಹೂವಿನ ಈ ಪೊದೆಯ ಎಲೆಯನ್ನು ಕೆಮ್ಮಿಗೂ ಕಫಕ್ಕೂ ಕಷಾಯ ಮಾಡುವುದು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ರೂಢಿಯಲ್ಲಿದೆ. ಆಧುನಿಕ ವೈದ್ಯದಲ್ಲಿ ಕಫವನ್ನು ಸಡಿಲಿಸಲು ಕೊಡುವ ಬ್ರೋಮ್‌ಹೆಕ್ಸಿನ್ ಎಂಬ ಔಷಧ ಈ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವದ ಮಾದರಿಯಿಂದ ಸಿದ್ಧವಾದುದು. ಆಡುಗಳು ಇದನ್ನು ಮೇಯುವುದಿಲ್ಲವಾದುದರಿಂದ ‘ಆಡುಮುಟ್ಟದ ಗಿಡ’ ಎಂಬ ಹೆಸರೂ ಇದಕ್ಕೆ ಇದೆ.

‘ಆಡುಮುಟ್ಟದ ಬಳ್ಳಿ’ ಎಂಬುದು ಬೇರೆಯೇ ಒಂದು ಸಸ್ಯ. ಸಸ್ಯಶಾಸ್ತ್ರಜ್ಞರು ಅದನ್ನು ಟೈಲೋಫೊರ ಇಂಡಿಕ ಎಂದು ಕರೆಯುತ್ತಾರೆ. ಅದರ ಎಲೆ ಉಬ್ಬಸಕ್ಕೆ ನಾಟಿವೈದ್ಯದಲ್ಲಿ ಪ್ರಸಿದ್ಧವಾದುದೇ. ಆದರೆ ಪ್ರಮಾಣ ಮೀರಿದರೆ ವಾಂತಿಯನ್ನುಂಟುಮಾಡುತ್ತದೆ. ಆಡುಸೋಗೆಯನ್ನು ಹಿಡಿಯಷ್ಟು ಕುದಿಸುವಂತೆ ಇದನ್ನು ಕುದಿಸಲಾಗದು. ಎರಡೂ ಶ್ವಾಸರೋಗಕ್ಕೆ ಸಂಬಂಧಿಸಿದವು, ಎರಡರ ಹೆಸರೂ ಆಡನ್ನು ಹಿಡಿದು ಬಂದುದು. ಓಲೆಯ ತುದಿಯನ್ನು ಹುಳು ತಿಂದು ‘ಆಡುಮುಟ್ಟದ’ ಎಂಬಷ್ಟೇ ಉಳಿದಲ್ಲಿ, ಕಳೆದುಹೋದ ಪದ ‘ಗಿಡ’ವೋ ‘ಬಳ್ಳಿ’ಯೋ ಎಂಬುದನ್ನು ಊಹೆಯಿಂದ ತುಂಬುವುದು ಸಾಹಸ. ಅಲ್ಲಿ ಹೇಳಿದ ಪ್ರಮಾಣವೇ ನಿರ್ಣಾಯಕ. ಹಿಡಿಯ ಲೆಕ್ಕದಲ್ಲಿ ಹೇಳಿದ್ದರೆ ಗಿಡ, ಎಲೆಯನ್ನು ಎಣಿಸಿ ಹೇಳಿದ್ದರೆ ಬಳ್ಳಿ ಎಂದು ಭಾವಿಸಲು ಆಧಾರವುಂಟು. ಪ್ರಮಾಣವೂ ಲುಪ್ತವಾಗಿದ್ದರೆ ಆ ಸ್ಥಳವನ್ನು ಖಾಲಿ ಬಿಡುವುದೇ ಸಂಪಾದಕನಿಗೆ ಯುಕ್ತ.

ಒಂದೆಲಗದ ವಿಷಯವೂ ಹೀಗೆಯೇ. ಹೊಳಲ್ಕೆರೆಯ ಅಡಕೆ ತೋಟಗಳಂಥ ತೇವದ ನೆಲದಲ್ಲಿ ಹರಡುವ ಈ ಸೊಪ್ಪನ್ನು ತಂಬುಳಿಗೂ ಚಟ್ನಿಗೂ ಬಳಸುತ್ತಾರೆ. ಮಕ್ಕಳ ಬುದ್ಧಿಶಕ್ತಿಗೆ ಒಳ್ಳೆಯದೆಂದು ಕೊಡುತ್ತಾರೆ. ಹಲವರು ಇದನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ಒಂದೆಲಗ ಶಾಸ್ತ್ರದ ಮಂಡೂಕಪರ್ಣಿ. ಕೆರೆಯ ಅಂಚಿನ ಕೆಸರಿನಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿಯನ್ನು ಶಾಸ್ತ್ರದ ಬ್ರಾಹ್ಮಿಯೆಂದು ಬಹುಮಂದಿ ವೈದ್ಯರು ಒಪ್ಪುತ್ತಾರೆ. ಎರಡೂ ಮೇಧ್ಯವೆನಿಸಿರುವುದರಿಂದ ಈ ಗೊಂದಲದಿಂದ ಹೆಚ್ಚಿನ ಅಪಾಯವಿಲ್ಲ; ಆದರೂ ಅಡಿಟಿಪ್ಪಣಿಯಲ್ಲಿ ‘ಬ್ರಾಹ್ಮಿ = ಒಂದೆಲಗ’ ಎಂದು ನಿಸ್ಸಂದೇಹವಾಗಿ ಬರೆದುಬಿಡುವುದು ಸರಿಯಲ್ಲ.

ಬಂಡೆಗುಡ್ಡಗಳ ಸುಗಂಧದ ಬೇರುಗಳಲ್ಲಿ ನಾಮದ ಬೇರು ಅಥವಾ ಸೊಗದೆ ಬೇರು ಶಾಸ್ತ್ರದ ಸಾರಿವಾ. ಇದು ತೆಳುವಾದ ಬಳ್ಳಿ, ಬೇರೂ ತೆಳು. ಮಾಕಳಿ ಬೇರು ಇನ್ನೊಂದು, ಗೆಡ್ಡೆಯಂತೆ ದಪ್ಪವಾಗಿ, ಅದೇ ಬಗೆಯ ಪರಿಮಳವುಳ್ಳದ್ದು, ಉಪ್ಪಿನಕಾಯಿಗೆ ಬಳಸುವಂಥದು. ಅಂಗಡಿಗಳಲ್ಲಿ ಸಾರಿವಾ ಎಂಬ ಹೆಸರಿನಲ್ಲಿ ಮಾಕಳಿಯನ್ನು ಮಾರುವುದು ಬಹುಕಾಲದಿಂದ ನಡೆದುಬಂದಿದೆ. ಪರಿಮಳವೊಂದನ್ನೇ ನೋಡಿ ಗುರುತಿಸುವವನು ಮೋಸಹೋಗುತ್ತಾನೆ. ಬೇರನ್ನು ಅಗೆದರೆ ಬಳ್ಳಿಯೇ ಸಾಯುವುದರಿಂದ ಮಾಕಳಿ ಈಗ ಕಾಡಿನಲ್ಲಿ ವಿರಳವಾಗುತ್ತಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಅಮೃತಬಳ್ಳಿಯ ಹೆಸರಿನ ಗೊಂದಲವಾದರೋ ಇತ್ತೀಚಿನ ದಿನಗಳಲ್ಲಿ ದೇಶವ್ಯಾಪಿಯಾದ ಚರ್ಚೆಗೆ ವಸ್ತುವಾಯಿತು. ಅಮರಕೋಶದಲ್ಲಿ ‘ಅಮೃತಾ’ ಎಂಬ ಹೆಸರು ಗುಡೂಚಿಗೂ ಹರೀತಕಿಗೂ ಆಮಲಕಿಗೂ ಸಲ್ಲುತ್ತದೆ. ಗುಡೂಚಿ ಎಂದು ನಿರ್ಣಯವಾದ ಮೇಲೆಯೂ ಅದೇ ಜಾತಿಯ ಬೇರೆ ಬೇರೆ ಬಳ್ಳಿಗಳು ನೋಟಕ್ಕೆ ಹತ್ತಿರ. 2021ರಲ್ಲಿ ಮುಂಬಯಿಯ ವೈದ್ಯರು ಈ ಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ರೋಗ ಕಂಡುಬಂದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯವು ಶಾಸ್ತ್ರೋಕ್ತ ಗುಡೂಚಿ ಸುರಕ್ಷಿತವೆಂದೂ, ಅದನ್ನೇ ಹೋಲುವ ಟೈನೋಸ್ಪೊರ ಕ್ರಿಸ್ಪ ಎಂಬ ಬಳ್ಳಿಯೊಡನೆ ಬೆರಸಿಕೊಳ್ಳಬಾರದೆಂದೂ ಹೇಳಿತು. ವಾದದಲ್ಲಿ ಯಾರ ಪಕ್ಷ ಬಲವಾದುದೆಂಬುದು ವೈದ್ಯರ ವಿಚಾರ. ಹೆಸರಿನ ನಿರ್ಣಯ ಪಂಡಿತರ ವಿನೋದವಲ್ಲ ಎಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಆಚಾರವೇ ನಿಘಂಟು

ನಿಘಂಟು ಸಂದೇಹದಲ್ಲಿ ಬಿಟ್ಟ ಸ್ಥಳವನ್ನು ಶ್ರಾವಕಾಚಾರ ಹೇಗೆ ಬಗೆಹರಿಸುತ್ತದೆ ಎಂಬುದಕ್ಕೆ ‘ಮಹೌಷಧ’ ಎಂಬ ಪದ ಒಳ್ಳೆಯ ನಿದರ್ಶನ. ಅಮರಕೋಶದಲ್ಲಿ ಈ ಹೆಸರು ಒಂದು ಕಡೆ ಲಶುನಕ್ಕೆ, ಅಂದರೆ ಬೆಳ್ಳುಳ್ಳಿಗೆ, ಮತ್ತೊಂದು ಕಡೆ ಶುಂಠಿಗೆ ಬಂದಿದೆ. ವಾತಕ್ಕೂ ಅಗ್ನಿಮಾಂದ್ಯಕ್ಕೂ ಎರಡೂ ಹೇಳಲ್ಪಟ್ಟಿರುವುದರಿಂದ ರೋಗವನ್ನು ನೋಡಿ ಅರ್ಥವನ್ನು ನಿರ್ಣಯಿಸುವುದು ಸಾಧ್ಯವಾಗದು. ಆದರೆ ಗ್ರಂಥ ಜೈನವೈದ್ಯನದಾದರೆ ಸಂದೇಹಕ್ಕೆ ಎಡೆ ಕಡಮೆ. ಅನಂತಕಾಯವಾದ ಬೆಳ್ಳುಳ್ಳಿ ಅವನ ಪೇಟಿಕೆಯಲ್ಲಿ ಇರುವಂತಿಲ್ಲ. ಅಲ್ಲಿ ‘ಮಹೌಷಧ’ ಶುಂಠಿಯೇ. ಇದೇ ಯೋಗ ಜೈನೇತರ ಸಂಗ್ರಹವೊಂದರಿಂದ ಎತ್ತಿ ಬರೆದುದಾದರೆ ನಿರ್ಣಯ ಬೇರೆಯಾಗಬಹುದು. ಆದುದರಿಂದ ಓಲೆಯ ಮಂಗಳಶ್ಲೋಕವನ್ನೂ ಲಿಪಿಕಾರನ ಸಮಾಪ್ತಿವಾಕ್ಯವನ್ನೂ ನೋಡದೆ ಮೂಲಿಕೆಯ ಅರ್ಥವನ್ನು ಬರೆಯಬಾರದು.

ಶುಂಠಿಯಲ್ಲಿಯೂ ಹಸಿ, ಒಣ ಎಂಬ ಭೇದ ಜೈನವೈದ್ಯದಲ್ಲಿ ನಿರ್ಣಾಯಕ. ಸಮಂತಭದ್ರಸ್ವಾಮಿಗಳು ‘ರತ್ನಕರಂಡಕ’ದಲ್ಲಿ ಫಲ ಅಲ್ಪವಾಗಿ ಘಾತ ಅಧಿಕವಾದ ವಸ್ತುಗಳನ್ನು ಹೇಳುವಾಗ ಮೂಲಂಗಿ, ಹಸಿಯ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಎಣಿಸಿದ್ದಾರೆ. ಅಲ್ಲಿ ‘ಶೃಂಗವೇರ’ಕ್ಕೆ ‘ಆರ್ದ್ರ’ ಎಂಬ ವಿಶೇಷಣವಿದೆ. ಆ ವಿಶೇಷಣ ನಿರರ್ಥಕವಲ್ಲ. ಒಣಗಿದ ಶುಂಠಿ ಆ ನಿಷೇಧಕ್ಕೆ ಒಳಪಡುವುದಿಲ್ಲವೆಂಬ ಭಾವ ಅದರಿಂದ ಹೊರಡುತ್ತದೆ. ಅರಿಸಿನದಲ್ಲಿಯೂ ಇದೇ ಆಚಾರ: ಹಸಿಯ ಕೊಂಬನ್ನು ಬಿಟ್ಟು ಒಣಗಿದುದನ್ನು ಬಳಸುವುದು. ಹೀಗಾಗಿ ಜೈನವೈದ್ಯದ ಓಲೆಯಲ್ಲಿ ‘ನಾಗರ’, ‘ವಿಶ್ವ’, ‘ಶುಂಠಿ’ ಎಂಬ ಒಣಶುಂಠಿಯ ಹೆಸರುಗಳಿಗೆ ಸಂಪಾದಕನು ಸುಮ್ಮನೆ ‘ಶುಂಠಿ, ಅಲ್ಲ’ ಎಂದು ಬರೆದರೆ ಗ್ರಂಥಕರ್ತನು ಕಾಪಾಡಿಕೊಂಡ ಭೇದವನ್ನು ಅಳಿಸಿದಂತಾಗುತ್ತದೆ. ಚಿತ್ರದುರ್ಗದ ಕಡೆಯ ಮನೆಗಳಲ್ಲಿ ಈ ಭೇದ ಮಾತಿನಲ್ಲಿಯೇ ಉಳಿದಿದೆ. ‘ಅಲ್ಲ’ ಎಂದರೆ ಹಸಿಯದು, ‘ಒಣಶುಂಠಿ’ ಎಂದರೆ ಮದ್ದಿನದು.

ಬೇವಿನ ವಿಷಯದಲ್ಲಿ ನಿಷೇಧ ಹೂವಿಗೆ ಮಾತ್ರ. ಎಲೆಗೆ ಅಲ್ಲಿ ಹೇಳಿಲ್ಲ. ಬಯಲುಸೀಮೆಯಲ್ಲಿ ಯುಗಾದಿಯ ಬೇವುಬೆಲ್ಲಕ್ಕೆ ಹೂವನ್ನೂ ಚಿಗುರನ್ನೂ ಕೂಡಿಸುವುದು ಸಾಮಾನ್ಯ. ಓಲೆಯಲ್ಲಿ ಬರಿದೆ ‘ನಿಂಬ’ ಎಂದಿದ್ದಾಗ ಎಲೆಯೋ ತೊಗಟೆಯೋ ಹೂವೋ ಎಂಬ ಪ್ರಶ್ನೆಗೆ ಆಚಾರ ಒಂದು ಆಯ್ಕೆಯನ್ನು ಮೊದಲೇ ತೆಗೆದುಹಾಕುತ್ತದೆ.

‘ಮಧು’ ಶಬ್ದದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಜೇನುತುಪ್ಪ ವರ್ಜ್ಯವಾದ ಪರಂಪರೆಯಲ್ಲಿ ಅನುಪಾನಕ್ಕೆ ಬೆಲ್ಲ, ಸಕ್ಕರೆ, ತುಪ್ಪಗಳು ಬರುತ್ತವೆ. ಆದರೆ ಜೈನವೈದ್ಯದ ಯೋಗದಲ್ಲಿ ‘ಮಧು’ ಎಂಬ ಎರಡಕ್ಷರ ಕಂಡೊಡನೆ ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವುದೂ ತಪ್ಪಾದೀತು. ‘ಯಷ್ಟಿಮಧು’ ಅತಿಮಧುರದ ಬೇರು. ‘ಮಧೂಕ’ ಇಪ್ಪೆಯ ಮರ. ಓಲೆಯ ಅಂಚು ಮುರಿದು ಪದದ ಮೊದಲ ಭಾಗವೋ ಕೊನೆಯ ಭಾಗವೋ ಹೋದಾಗ ಉಳಿಯುವುದು ‘ಮಧು’ ಮಾತ್ರ. ಅಕ್ಷರಗಳ ನಡುವೆ ಪದವಿಭಾಗವನ್ನು ತೋರಿಸದ ಹಳೆಯ ಬರವಣಿಗೆಯಲ್ಲಿ ಇಂಥ ಪ್ರಮಾದಕ್ಕೆ ಅವಕಾಶ ಹೆಚ್ಚು.

ಮೂಲಿಕೆ ರೋಗಕ್ಕೆ ಮಾತ್ರವಲ್ಲ, ನಿತ್ಯಾಚಾರಕ್ಕೂ ಒದಗುತ್ತದೆ. ಗಾಳಿಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷ, ಬಳಕೆಗೆ ಯೋಗ್ಯ. ಲವಂಗ ಮುಂತಾದವನ್ನು ಬೆರಸಿ ಪ್ರಾಸುಕ ಮಾಡಿದ ನೀರು ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದ ನೀರು 24 ಗಂಟೆ ಎಂಬುದು ದಿಗಂಬರ ಶ್ರಾವಕರಲ್ಲಿ ನಡೆದುಬಂದ ಕ್ರಮ. ಆದುದರಿಂದ ಓಲೆಯಲ್ಲಿ ನೀರಿನೊಡನೆ ಲವಂಗವೋ ಹರೀತಕಿಯೋ ಹೇಳಿದ್ದರೆ ಅದೆಲ್ಲವೂ ಔಷಧಯೋಗವೆಂದು ತಿಳಿಯಬೇಕಾಗಿಲ್ಲ. ಅದು ಪ್ರಾಸುಕಜಲದ ವಿಧಾನವೂ ಆಗಿರಬಹುದು.

ಅಡುಗೆಯ ಮನೆ

ಜೈನಸಾಹಿತ್ಯದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವುಂಟು. ಸು. 1508ರ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಷಟ್ಪದಿಯಲ್ಲಿ ರಚಿತವಾದ ಅಡುಗೆಯ ಗ್ರಂಥ. ಅದಕ್ಕೂ ಹಿಂದೆ, ಸು. 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ವೈದ್ಯಗಳ ಜತೆಯಲ್ಲಿಯೇ ಸೂಪಶಾಸ್ತ್ರವೂ ಬಂದಿದೆ. ಅಡುಗೆ ಮತ್ತು ಮದ್ದು ಎಂಬ ಎರಡು ಕೋಣೆಗಳ ನಡುವೆ ಹಿಂದಿನವರು ಗೋಡೆಯನ್ನು ಕಟ್ಟಿರಲಿಲ್ಲ. ಜೀರಿಗೆ, ಮೆಣಸು, ಇಂಗು, ಮೆಂತೆ, ಕರಿಬೇವುಗಳು ಎರಡು ಕಡೆಗೂ ಸೇರಿದವು.

ಇವುಗಳಲ್ಲಿ ಮೆಣಸು ಓಲೆಯ ಕಾಲನಿರ್ಣಯಕ್ಕೆ ಒಂದು ಸಾಧನವಾಗಬಲ್ಲದು. ಹಳೆಯ ಗ್ರಂಥಗಳ ‘ಮೆಣಸು’ ಕರಿಮೆಣಸು, ಸಂಸ್ಕೃತದ ಮರಿಚ. ಇಂದು ಹಿರಿಯೂರು, ಚಿತ್ರದುರ್ಗಗಳ ಊಟದಲ್ಲಿ ಖಾರಕ್ಕೆ ಮುಖ್ಯವಾದ ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಪೋರ್ತುಗೀಸರ ಮೂಲಕ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದುದು. ಆದುದರಿಂದ ಒಂದು ಯೋಗದಲ್ಲಿ ‘ಮೆಣಸಿನಕಾಯಿ’ ಎಂದು ಸ್ಪಷ್ಟವಾಗಿ ಇದ್ದರೆ, ಗ್ರಂಥದ ಆರಂಭದಲ್ಲಿ ಎಷ್ಟೇ ಪ್ರಾಚೀನಾಚಾರ್ಯರ ಹೆಸರಿದ್ದರೂ, ಆ ಯೋಗ ಆ ಬಳಿಕ ಸೇರಿದುದು. ಇದಕ್ಕೆ ವಿಪರೀತವಾಗಿ, ಹಳೆಯ ಯೋಗದ ‘ಮೆಣಸು’ ಎಂಬುದನ್ನು ಇಂದಿನ ಓದುಗನು ಮೆಣಸಿನಕಾಯಿಯೆಂದು ತಿಳಿದರೆ ಔಷಧವೇ ಬೇರೆಯಾಗುತ್ತದೆ.

ಜೀರಿಗೆಯಲ್ಲಿಯೂ ಮೂರು ಬಗೆ. ಅಡುಗೆಯ ಜೀರಿಗೆ ಒಂದು, ಕರಿಜೀರಿಗೆ ಮತ್ತೊಂದು, ಜಂತುಹುಳುಗಳಿಗೆ ಕೊಡುವ ಕಹಿಯಾದ ಕಾಡುಜೀರಿಗೆ ಮೂರನೆಯದು. ಇವು ಮೂರೂ ಬೇರೆ ಬೇರೆ ಕುಲದ ಸಸ್ಯಗಳು. ಅವುಗಳನ್ನು ಒಂದುಗೂಡಿಸಿದುದು ಬೀಜದ ಹೋಲಿಕೆ ಮಾತ್ರ. ವಿಶೇಷಣ ಕಳೆದುಹೋದ ‘ಜೀರಿಗೆ’ಯನ್ನು ರೋಗದಿಂದಲೇ ತಿಳಿಯಬೇಕಾಗುತ್ತದೆ.

ಬಯಲುಸೀಮೆಯ ಊಟದಲ್ಲಿ ಬೆರಕೆ ಸೊಪ್ಪಿಗೆ ಹಿರಿಯ ಸ್ಥಾನ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾವಾಗಿಯೇ ಹುಟ್ಟುವ ಅಣ್ಣೆ, ಹೊನಗೊನ್ನೆ, ಗೋಣಿ, ತುಂಬೆ ಮೊದಲಾದ ಸೊಪ್ಪುಗಳನ್ನು ಹೆಂಗಸರು ಆಯ್ದು ತಂದು ಒಟ್ಟಿಗೆ ಬೇಯಿಸಿ ಸಾರು ಮಾಡುತ್ತಾರೆ. ಹೊನಗೊನ್ನೆ ಕಣ್ಣಿಗೆ, ತುಂಬೆ ನೆಗಡಿಗೆ ಎಂಬ ತಿಳಿವಳಿಕೆ ಊಟದೊಡನೆಯೇ ಬರುತ್ತದೆ. ಆದರೆ ಈ ಸೊಪ್ಪುಗಳ ಸಮೃದ್ಧಿಯ ಕಾಲವೇ ಜೈನರಿಗೆ ಚಾತುರ್ಮಾಸದ ಕಾಲ. ಎಲೆಗಳಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗುವುದರಿಂದ ಪತ್ರಶಾಕವನ್ನು ಆಗ ಬಿಡುವುದು ಆಚಾರ. ಋತುಚರ್ಯೆಯನ್ನು ಹೇಳುವ ಜೈನವೈದ್ಯನು ಮಳೆಗಾಲಕ್ಕೆ ಹಸಿಯ ಸೊಪ್ಪಿಗೆ ಬದಲಾಗಿ ಒಣಗಿದ ಮೂಲಿಕೆಯನ್ನೋ ಕಾಳನ್ನೋ ಹೇಳಿದ್ದರೆ ಅದನ್ನು ಪಾಠಲೋಪವೆಂದು ತಿದ್ದದೆ, ವ್ರತಾನುಸಾರವಾದ ಆಯ್ಕೆಯೆಂದು ತಿಳಿಯಬೇಕು.

ಒಣನೆಲದ ಮೂಲಿಕೆಗಳಲ್ಲಿ ತಂಗಡಿಯನ್ನು ಬಿಡುವಂತಿಲ್ಲ. ಹಳದಿಹೂವಿನ ಈ ಪೊದೆಗೆ ಹಳೆಯ ಮೈಸೂರಿನ ಇತರ ಕಡೆಗಳಲ್ಲಿ ಆವರಿಕೆ ಎಂದು ಹೆಸರು, ಸಂಸ್ಕೃತದಲ್ಲಿ ಆವರ್ತಕೀ. ಇದರ ಹೂವಿನ ಕಷಾಯವನ್ನು ಪ್ರಮೇಹಕ್ಕೆ ಕುಡಿಯುವುದೂ, ಬಿಸಿಲಿನಲ್ಲಿ ದುಡಿಯುವವರು ಎಲೆಯನ್ನು ತಲೆಯ ಮೇಲೆ ಇಟ್ಟುಕೊಳ್ಳುವುದೂ, ತೊಗಟೆಯನ್ನು ಚರ್ಮ ಹದಮಾಡಲು ಬಳಸುವುದೂ ಉಂಟು. ಲಕ್ಕಿಯ ಸೊಪ್ಪು ಮೈಕೈನೋವಿಗೆ ಬಿಸಿನೀರಿನ ಸ್ನಾನದಲ್ಲಿ ಒದಗುವಂತೆ, ಕಾಳಿನ ಕಣಜದಲ್ಲಿ ಹುಳು ಬೀಳದಂತೆ ಕಾಯುವುದಕ್ಕೂ ಒದಗುತ್ತದೆ. ಹುಳುವನ್ನು ಕೊಲ್ಲದೆ ದೂರವಿಡುವ ಈ ಉಪಾಯ ಗ್ರಂಥಭಂಡಾರಗಳಿಗೂ ಪರಿಚಿತವಾದುದೇ. ಬಜೆ, ಬೇವಿನ ಎಲೆ, ಮಜ್ಜಿಗೆ ಹುಲ್ಲಿನ ಎಣ್ಣೆಗಳು ಓಲೆಗಳನ್ನು ಕಾಪಾಡಿಕೊಂಡು ಬಂದಿವೆ.

ತೂಕವೋ ವಿಷವೋ

ಅತ್ಯಂತ ಅಪಾಯಕರವಾದ ಶ್ಲೇಷೆ ‘ಗುಂಜಾ’ ಎಂಬ ಪದದಲ್ಲಿದೆ. ಗುಂಜಾ ಅಥವಾ ಗುಲಗಂಜಿ ಬೇಲಿಗಳ ಮೇಲೆ ಹಬ್ಬುವ ಬಳ್ಳಿ. ಕೆಂಪುಮೈ ಕಪ್ಪುಕಣ್ಣಿನ ಅದರ ಬೀಜ ತೂಕಕ್ಕೆ ಬಳಸುವ ಅಳತೆಯೂ ಆಗಿದೆ. ಇಂದಿನ ಆಯುರ್ವೇದ ಔಷಧಕ್ರಮದಲ್ಲಿ ಒಂದು ಗುಂಜಾ ಸುಮಾರು 125 ಮಿಲಿಗ್ರಾಂ, ಒಂದು ಕರ್ಷ 12 ಗ್ರಾಂ, ಒಂದು ಪಲ 48 ಗ್ರಾಂ ಎಂದು ನಿಗದಿಯಾಗಿದೆ. ಆದರೆ ಗುಲಗಂಜಿಯ ಬೀಜದಲ್ಲಿ ಆಬ್ರಿನ್ ಎಂಬ ಘೋರವಾದ ವಿಷವುಂಟು. ಬೀಜವನ್ನು ಅರೆದು ಸೇವಿಸಿದರೆ ಪ್ರಾಣಕ್ಕೆ ಅಪಾಯ.

ಒಂದು ಯೋಗದಲ್ಲಿ ಹಿಂಗು, ಶುಂಠಿ, ಮರಿಚ, ಗುಂಜಾ ಎರಡು ಎಂದು ಸಾಲಾಗಿ ಬರೆದಿದ್ದರೆ, ಲೆಕ್ಕ ಮಾಡಬೇಕಾದುದು ಎರಡು ಗುಂಜೆಯ ತೂಕವನ್ನೋ, ಎರಡು ಗುಲಗಂಜಿಯ ಬೀಜಗಳನ್ನೋ? ಅಳತೆಯ ಪದ ಪ್ರತಿಯೊಂದು ಮೂಲಿಕೆಯ ಬಳಿಕವೂ ಬರುವ ಸಂಪ್ರದಾಯ ಆ ಓಲೆಯ ಉಳಿದ ಯೋಗಗಳಲ್ಲಿ ಇದೆಯೇ, ಗುಂಜಾ ಎಂಬುದು ಶೋಧನವಿಧಿಯೊಡನೆ ಬಂದಿದೆಯೇ ಎಂಬುದನ್ನು ನೋಡಿ ಅರ್ಥ ನಿರ್ಣಯಿಸಬೇಕು. ಗುಲಗಂಜಿಯ ಎಲೆ ಸಿಹಿಯಾಗಿರುವುದರಿಂದ ಅತಿಮಧುರಕ್ಕೆ ಬದಲಾಗಿ ಅದನ್ನು ಬಳಸುವ ರೂಢಿ ಕೆಲವು ಕಡೆ ಇರುವುದು ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಒಂದೇ ಬಳ್ಳಿಯ ಎಲೆ ಗಂಟಲಿಗೆ ಹಿತ, ಬೀಜ ಪ್ರಾಣಕ್ಕೆ ಹಾನಿ. ಮಂಗರಾಜನು ವಿಷಗಳಿಗಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟುದರ ಹಿನ್ನೆಲೆಯಲ್ಲಿ ಸ್ಥಾವರವಿಷಗಳ ಪರಿಚಯ ವೈದ್ಯನಿಗೆ ಎಷ್ಟು ಅಗತ್ಯವಾಗಿತ್ತೆಂಬುದನ್ನು ಊಹಿಸಬಹುದು.

ಹೊರಗಿನಿಂದ ಬಂದ ಗಿಡಗಳು ಹಳೆಯ ಹೆಸರುಗಳನ್ನು ಆಕ್ರಮಿಸಿದ ನಿದರ್ಶನವೂ ಈ ಸೀಮೆಯಲ್ಲಿ ಸಿಕ್ಕುತ್ತದೆ. ಹೊಲಗಳಲ್ಲಿಯೂ ರಸ್ತೆಯ ಬದಿಯಲ್ಲಿಯೂ ಬೆಳೆಯುವ, ಮುಳ್ಳೆಲೆಯ, ಹಳದಿಹೂವಿನ ಅರಿಸಿನ ದತ್ತೂರಿ ಅಮೆರಿಕಾ ಮೂಲದ ಕಳೆ. ಕಾಂಡವನ್ನು ಮುರಿದರೆ ಹಳದಿಯ ಹಾಲು ಒಸರುವುದರಿಂದ ಕೆಲವರು ಇದನ್ನೇ ಶಾಸ್ತ್ರದ ಸ್ವರ್ಣಕ್ಷೀರಿ ಎಂದು ಬಗೆದರು. ಸ್ವರ್ಣಕ್ಷೀರಿಯ ಹೆಸರು ಚರಕಸಂಹಿತೆಯ ಕಾಲದಿಂದ ಇದೆ. ಆಗ ಈ ಗಿಡ ಭಾರತದಲ್ಲಿ ಇರಲೇ ಇಲ್ಲ. ಇದರ ಬೀಜ ಸಾಸಿವೆಯನ್ನು ಹೋಲುತ್ತದೆ. ಇದರ ಎಣ್ಣೆ ಅಡುಗೆಯ ಎಣ್ಣೆಯಲ್ಲಿ ಬೆರೆತರೆ ಮೈ ಊದಿ ಹೃದಯ ಕೆಡುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದು ಬೆರೆತು ಅನೇಕರು ಸತ್ತರು. ಪ್ರಾಚೀನ ಗ್ರಂಥದ ಅಡಿಟಿಪ್ಪಣಿಯಲ್ಲಿ ‘ಸ್ವರ್ಣಕ್ಷೀರಿ = ದತ್ತೂರಿ’ ಎಂಬ ಒಂದು ಸಮೀಕರಣ ಅಚ್ಚಾದರೆ, ಅದರಿಂದ ಆಗಬಹುದಾದ ಹಾನಿಗೆ ಗ್ರಂಥಕರ್ತನು ಹೊಣೆಯಲ್ಲ, ಸಂಪಾದಕನೇ ಹೊಣೆ.

ಕರ್ತವ್ಯ

ಇಷ್ಟರಿಂದ ಕೆಲವು ಮಾತುಗಳು ಸಿದ್ಧಿಸುತ್ತವೆ. ವೈದ್ಯದ ಓಲೆಯನ್ನು ಸಂಪಾದಿಸುವಾಗ ಮೂಲಿಕೆಯ ಹೆಸರನ್ನು ಓಲೆಯಲ್ಲಿದ್ದಂತೆಯೇ ಮೂಲದಲ್ಲಿ ಉಳಿಸಬೇಕು. ಇಂದಿನ ಹೆಸರನ್ನು ಅಡಿಯಲ್ಲಿ ಮಾತ್ರ ಕೊಡಬೇಕು. ಯಾವ ಸೀಮೆಯ ರೂಢಿಯನ್ನು ಅನುಸರಿಸಿ ಆ ಹೆಸರನ್ನು ಕೊಡಲಾಯಿತೆಂಬುದನ್ನು ಹೇಳಬೇಕು. ಸಂದೇಹವಿದ್ದಲ್ಲಿ ಸಂದೇಹವನ್ನೇ ಅಚ್ಚುಮಾಡಬೇಕು. ಹಸಿ-ಒಣ, ಎಲೆ-ಬೇರು, ಗಿಡ-ಬಳ್ಳಿ ಎಂಬ ವಿಶೇಷಣಗಳಲ್ಲಿ ಒಂದನ್ನೂ ಸಂಕ್ಷೇಪದ ಆಸೆಯಿಂದ ಬಿಡಬಾರದು. ಗಿಡವನ್ನು ಬಲ್ಲವನೊಬ್ಬನಿಗೆ ತೋರಿಸಿ ಒಪ್ಪಿಸಿಕೊಳ್ಳದ ಯೋಗವನ್ನು ಬಳಕೆಗೆಂದು ಪ್ರಕಟಿಸುವುದು ಯುಕ್ತವಲ್ಲ.

ಗಿಡವನ್ನು ಬಲ್ಲವರು ಯಾರು? ಹಿರಿಯೂರು ಹೊಸದುರ್ಗಗಳ ಕಡೆಯ ಕಾಡುಗೊಲ್ಲರು, ದನಕುರಿಗಳೊಡನೆ ಗುಡ್ಡವನ್ನು ಸುತ್ತಿ ಯಾವ ಸೊಪ್ಪನ್ನು ಯಾವ ಪ್ರಾಣಿ ಮುಟ್ಟುವುದಿಲ್ಲವೆಂಬುದನ್ನು ಕಣ್ಣಾರೆ ಕಂಡವರು, ಊರಿನ ನಾಟಿವೈದ್ಯರು, ಬೆರಕೆ ಸೊಪ್ಪಿನಲ್ಲಿ ಒಂದೊಂದು ಎಲೆಯನ್ನೂ ಆಯ್ದು ಬೇರ್ಪಡಿಸಬಲ್ಲ ಹಿರಿಯ ಹೆಂಗಸರು. ಇವರಲ್ಲಿ ಅನೇಕರ ವಿದ್ಯೆ ಓಲೆಗೆ ಏರಿಲ್ಲ. ಮೇಲಾಗಿ ನೆಲದ ಸ್ಥಿತಿಯೂ ಬದಲಾಗಿದೆ. ಕಳೆನಾಶಕದ ಬಳಕೆಯಿಂದ ಬದುವಿನ ಸೊಪ್ಪು ಕ್ಷೀಣಿಸುತ್ತದೆ. ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾದುದರಿಂದ ಕಾಡಿನ ಮೂಲಿಕೆಗಳಿಗೆ ರಕ್ಷಣೆ ದೊರೆಯಿತು. ಅವುಗಳನ್ನು ತರುವುದಕ್ಕೆ ತಕ್ಕ ನಿರ್ಬಂಧವೂ ಉಂಟಾಯಿತು. ಜೀವದಯೆಯ ದೃಷ್ಟಿಯಿಂದ ಇದು ಒಪ್ಪತಕ್ಕದ್ದೇ. ಆದರೆ ಗಿಡದ ಬಳಿಗೆ ಹೋಗುವವರು ಕಡಮೆಯಾದಂತೆ ಹೆಸರನ್ನು ಬಲ್ಲವರೂ ಕಡಮೆಯಾಗುತ್ತಾರೆ ಎಂಬುದನ್ನು ಮರೆಯಲಾಗದು. ಓಲೆ ಇನ್ನೂರು ವರ್ಷ ಕಾಯಬಲ್ಲದು. ಓಲೆಯ ಹೆಸರಿಗೆ ಗಿಡವನ್ನು ತೋರಿಸಬಲ್ಲ ಮುದುಕಿ ಕಾಯಲಾರಳು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದಂಥ ಕಾರ್ಯಗಳಿಂದ ಓಲೆಗಳ ಪಟ್ಟಿಯೂ ಛಾಯಾಪ್ರತಿಯೂ ಸಿದ್ಧವಾಗುತ್ತಿರುವಾಗ, ಆ ಓಲೆಗಳ ಹೆಸರುಗಳಿಗೆ ಸೀಮೆ ಸೀಮೆಯ ರೂಢಿಯನ್ನು ಬರೆದಿಡುವ ಕೆಲಸವೂ ಜತೆಯಲ್ಲಿ ನಡೆಯಬೇಕಾಗಿದೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕನಿಗೆ ಹೇಳಿದೆ. ವೈದ್ಯದ ಓಲೆಯೊಂದನ್ನು ಪ್ರತಿಮಾಡಿಸಿ ಬಸದಿಗೆ ಒಪ್ಪಿಸಿದ ಹಿಂದಿನವರು ಶಾಸ್ತ್ರದಾನವನ್ನೂ ಔಷಧದಾನವನ್ನೂ ಒಂದೇ ಕಟ್ಟಿನಲ್ಲಿ ಮಾಡಿದರು. ಆ ಕಟ್ಟನ್ನು ಬಿಚ್ಚಿ ಓದುವವನು ಹೆಸರನ್ನು ಸರಿಯಾಗಿ ತಿಳಿದು ಹೇಳಿದಾಗ ರೋಗಿಗೆ ದೊರೆಯುವುದು ಅಭಯ. ಹಾಗೆ ತಿಳಿಯುವ ಮೊದಲು ಅವನು ಓಲೆಯನ್ನು ಕೆಳಗಿಟ್ಟು ಒಮ್ಮೆ ಹೊಲದ ಬದುವಿನ ಕಡೆಗೆ ಹೋಗಿಬರುವುದು ಒಳ್ಳೆಯದು.